ಅರವತ್ತನಾಲ್ಕನೇ ನಂಬರಿನ ಶೀನ

ಅಮೋನಿಯಾ ವಾಸನೆ ಮೂಗಿಗೆ ಬಡಿದರೆ ಉಳಿದವರಿಗೆ ಕಣ್ಣಲ್ಲಿ ನೀರು ಬರುತ್ತದೆ. ನನಗೆ ಮುಖ ಬಿಸಿಯಾಗುತ್ತದೆ. ಮೊನ್ನೆ ಗಂಗೊಳ್ಳಿಯ ಬಂದರು ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿದಾಗಲೂ ಹಾಗೇ ಆಯಿತು. ನಾನು ಬ್ರಹ್ಮಾವರದಲ್ಲಿ ಜೆರಾಕ್ಸ್ ಮಿಷನ್, ಪ್ರಿಂಟರ್ ರಿಪೇರಿ ಮಾಡುವವನು. ಬೋಟು ನಿಲ್ಲುವ ದಕ್ಕೆಯ ಹತ್ತಿರದ ಒಂದು ಆಫೀಸಿನ ಪ್ರಿಂಟರು ಕಾಗದ ಕಚ್ಚಿಕೊಂಡು ಕೂತಿದೆ ಎಂದು ಫೋನ್ ಬಂದಿತ್ತು. ಐದು ವರ್ಷಗಳಿಂದ ಗಂಗೊಳ್ಳಿಯ ಕರೆ ಬಂದಾಗಲೆಲ್ಲ ಏನಾದರೊಂದು ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ಬಾಯಿಗೆ ನೆವ ಬರಲಿಲ್ಲ, ಹೋದೆ.

ಆ ವಾಸನೆ ಬರುವುದು ಅಲ್ಲಿನ ಒಂದು ಐಸ್ ಪ್ಲಾಂಟಿನಿಂದ. ನಾನು ಅಲ್ಲಿ ಒಂದೇ ಒಂದು ವರ್ಷ ಗುಮಾಸ್ತನಾಗಿದ್ದೆ. ಒಂದು ಜೂನ್ ತಿಂಗಳಲ್ಲಿ ಸೇರಿ ಮುಂದಿನ ಜೂನ್‌ನಲ್ಲಿ ಬಿಟ್ಟೆ. ಜೂನ್ ಅಂದರೆ ಮೀನುಗಾರಿಕೆ ನಿಂತ ಕಾಲ. ಬೋಟುಗಳೆಲ್ಲ ದಡ ಹತ್ತಿ ಟಾರ್ಪಾಲ್ ಹೊದ್ದು ಮಲಗಿರುವ ಆ ಎರಡು ತಿಂಗಳು ಐಸ್ ಯಾರಿಗೆ ಬೇಕು? ಆದರೂ ಧಣಿಗಳು ನನ್ನನ್ನು ಸೇರಿಸಿಕೊಂಡರು, ಯಾಕೆಂದರೆ ಹಳೆಯ ಗುಮಾಸ್ತ ಹೇಳದೆ ಕೇಳದೆ ಮುಂಬೈಯ ಹೋಟೆಲಿಗೆ ಹೋಗಿಬಿಟ್ಟಿದ್ದ. ನಾನು ಡಿಗ್ರಿಯಲ್ಲಿ ಎರಡು ಸಬ್ಜೆಕ್ಟ್ ಉಳಿಸಿಕೊಂಡು ಉಪ್ಪುಂದದ ಮನೆಯ ಜಗಲಿಯ ಚಿಟ್ಟೆಯ ಮೇಲೆ ಕೂತು ಅಪ್ಪಯ್ಯನ ಕಣ್ಣು ತಪ್ಪಿಸುತ್ತಿದ್ದವನು. ಕರೆದಲ್ಲಿಗೆ ಓಡಿ ಹೋದೆ.

ಆಫೀಸೆಂದರೆ ಒಂದು ಮೇಜು, ಒಂದು ಹಾಜರಿ ಪುಸ್ತಕ, ಮತ್ತು ಧಣಿಗಳ ಮಗ ಹಾಕಿಸಿದ ವೈಫೈ. ಹೊರಗೆ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಕೆಲಸವಿಲ್ಲದವನ ಕೈಗೆ ವೈಫೈ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಎಲ್ಲೆಲ್ಲೋ ಹುಡುಕುತ್ತ ಹೋಗಿ ಅಮೇರಿಕದ ಫುಟ್‌ಬಾಲಿನ ಒಂದು ಲೀಗಿಗೆ ತಲುಪಿದೆ. ನಮ್ಮಲ್ಲಿ ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ ಅದು. ಮೊಟ್ಟೆಯಾಕಾರದ ಚೆಂಡನ್ನು ಎದೆಗೆ ಅವಚಿಕೊಂಡು, ತಲೆಗೆ ಕೊಪ್ಪರಿಗೆಯಂಥ ಟೊಪ್ಪಿ ಹಾಕಿಕೊಂಡು, ಒಬ್ಬರ ಮೇಲೊಬ್ಬರು ಬೀಳುವ ಆಟ. ಅದರ ಗಂಧಗಾಳಿಯೂ ನನಗಿರಲಿಲ್ಲ. ಅಲ್ಲಿ ಗಂಧಗಾಳಿ ಬೇಕಾಗಿಯೂ ಇರಲಿಲ್ಲ. ಆ ಲೀಗಿನಲ್ಲಿ ಮೈದಾನ ಇಲ್ಲ, ಚೆಂಡೂ ಇಲ್ಲ. ನಾವು ಒಬ್ಬೊಬ್ಬ ಆಟಗಾರನನ್ನು ಸೃಷ್ಟಿ ಮಾಡಿ ಕೊಡಬೇಕು. ಅವನಿಗೆ ಹೆಸರು, ಎತ್ತರ, ತೂಕ, ನಂಬರು. ವಾರಕ್ಕೊಮ್ಮೆ ಅವರು ಕೊಡುವ ಪ್ರಶ್ನೆಗೆ ನಮ್ಮ ಆಟಗಾರನ ಬಗ್ಗೆ ಏನಾದರೂ ಬರೆದರೆ ಪಾಯಿಂಟು ಸಿಗುತ್ತದೆ. ಆ ಪಾಯಿಂಟನ್ನು ಅವನ ಕಾಲಿಗೋ ತೋಳಿಗೋ ತಿನ್ನಿಸಿ ಬೆಳೆಸಬೇಕು. ಆಮೇಲೆ ಕಂಪ್ಯೂಟರು ತಾನೇ ಮ್ಯಾಚ್ ಆಡಿಸಿ, ಯಾರು ಎಷ್ಟು ದೂರ ಓಡಿದ, ಯಾರು ಯಾರನ್ನು ಕೆಡವಿದ ಎಂದು ಬರೆದು ಹಾಕುತ್ತದೆ. ನಮ್ಮ ಬೆಳಗಿನ ಎಂಟು ಗಂಟೆಗೆ ಫಲಿತಾಂಶ. ಎಲ್ಲೆಲ್ಲಿಯದೋ ಜನ ಒಂದೊಂದು ತಂಡದಲ್ಲಿ ಸೇರಿ, ನಿಜವಾಗಿ ಬೆವರಿದವರ ಹಾಗೆ ಹೊಡೆದಾಡಿಕೊಳ್ಳುತ್ತಿದ್ದರು, ಸಮಾಧಾನ ಮಾಡಿಕೊಳ್ಳುತ್ತಿದ್ದರು.

ನನ್ನ ಆಟಗಾರನಿಗೆ ಜೇಡನ್ ಕೋಲ್ ಎಂದು ಹೆಸರಿಟ್ಟೆ. ಚೆಂಡು ಹಿಡಿದು ಓಡುವವನು. ಹುಟ್ಟೂರು ಫ್ಲೋರಿಡಾ, ಆರಡಿ ಎತ್ತರ. ನನ್ನ ಬಗ್ಗೆ ಕೇಳಿದವರಿಗೆ ಸೀಫುಡ್ ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಮ್ಯಾನೇಜರ್ ಎಂದೆ. ಉಪ್ಪುಂದ, ಗಂಗೊಳ್ಳಿ, ಐಸು ಯಾವುದರ ಬಗ್ಗೆಯೂ ಬಾಯಿ ಬಿಡಲಿಲ್ಲ. ಅಷ್ಟು ದೂರದವರ ಎದುರೂ ನನಗೆ ನನ್ನ ಊರಿನ ಬಗ್ಗೆ ನಾಚಿಕೆಯಿತ್ತು. ನಾಚಿಕೆಪಡಬೇಕಾದ್ದು ಬೇರೆಯೇ ಇತ್ತು ಅನ್ನುವುದು ಆಮೇಲೆ ಗೊತ್ತಾಯಿತು.

ಕಂಪ್ರೆಸರ್ ನೋಡಿಕೊಳ್ಳುವವರು ಶೀನಣ್ಣ. ನನಗಿಂತ ಹದಿನೆಂಟಿಪ್ಪತ್ತು ವರ್ಷ ದೊಡ್ಡವರು. ಒಂದು ಕಾಲದಲ್ಲಿ ಗಂಗೊಳ್ಳಿಯಿಂದ ಬೈಂದೂರಿನವರೆಗೆ ಕಬಡ್ಡಿಯಲ್ಲಿ ಹೆಸರು ಮಾಡಿದವರಂತೆ. ಮೂಲೆಯಲ್ಲಿ ನಿಂತು, ದಾಳಿಗೆ ಬಂದವನ ಹಿಮ್ಮಡಿ ಹಿಡಿದರೆ ಬಿಡಿಸಿಕೊಂಡವರಿಲ್ಲ ಎಂದು ಪ್ಲಾಂಟಿನವರು ಹೇಳುತ್ತಿದ್ದರು. ಒಂದು ದಿನ ಜಾರುಹಲಗೆಯಲ್ಲಿ ಬಂದ ಐಸಿನ ಗಡ್ಡೆ ಬಲಮೊಣಕಾಲಿಗೆ ಬಡಿಯಿತು. ಅಲ್ಲಿಗೆ ಕಬಡ್ಡಿ ಮುಗಿಯಿತು. ಕಾಲೆಳೆದು ನಡೆಯುತ್ತಿದ್ದರು. ಮಿಷನ್ನಿನ ಶಬ್ದ ಕೂದಲೆಳೆಯಷ್ಟು ಬದಲಾದರೂ ಚಾ ಲೋಟ ಬಿಟ್ಟು ಎದ್ದು ಹೋಗುತ್ತಿದ್ದರು.

ಒಂದು ದಿನ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು.

"ಹ್ವಾಯ್ ಪ್ರಕಾಶ, ಎಂತ ಮರಾಯಾ ಅದ್? ಇಡೀ ದಿನ ಫೋನಿಗೇ ಕಣ್ಣ್ ಹಾಯ್ಕಂಡ್ ಕೂತಿದ್ಯಲ."

"ಆಟ ಶೀನಣ್ಣ. ಅಮೇರಿಕದ್ದ್."

"ಆಡುವವ್ರ್ ಎಲ್ಲಿದ್ರ್?"

"ಕಂಪ್ಯೂಟರೇ ಆಡ್ತ್. ನಾವ್ ಜನ ಮಾಡಿ ಕೊಡುದ್ ಅಷ್ಟೇ."

"ಜನ ಮಾಡಿ ಕೊಡುದಾ!" ಎಂದು ಶೀನಣ್ಣ ನಕ್ಕರು. ಆಮೇಲೆ ನಿಜವಾದ ಆಟದ ಒಂದು ವಿಡಿಯೋ ತೋರಿಸಿದೆ. ಎರಡು ನಿಮಿಷ ಉಸಿರು ಬಿಗಿಹಿಡಿದು ನೋಡಿದವರು ತೊಡೆ ತಟ್ಟಿದರು. "ಇದ್ ಕಬಡ್ಡಿಯೇ ಮರಾಯಾ! ನಡೂಗೆ ಒಂದ್ ಚೆಂಡ್ ತಂದ್ ಹಾಕಿದ್ರ್ ಅಷ್ಟೇ. ನಂಗೂ ಒಂದ್ ಜನ ಮಾಡಿ ಕೊಡ್."

ಹಾಗೆ ಅವರ ಆಟಗಾರ ಹುಟ್ಟಿದ. ಹೆಸರು ಏನಿಡಲಿ ಎಂದು ಕೇಳಿದರೆ, ನನ್ನ ಹೆಸರು ಇರುವಾಗ ಬೇರೆ ಎಂತಕೆ ಎಂದರು. ಶೀನ ಗಂಗೊಳ್ಳಿ ಎಂದು ಬರೆದೆ.

"ತೂಕ ಎಷ್ಟ್ ಕೊಡುಕ್ ಆತ್ತ್?"

"ನೂರೈವತ್ತ್ ಕೆ.ಜಿ. ತನ್ಕ."

"ಪೂರಾ ಕೊಡ್. ಹೆಂಡ್ತಿ ಇಷ್ಟ್ ವರ್ಷ ಬಡ್ಸಿರೂ ನಂಗೆ ಐವತ್ತೆಂಟ್ ದಾಟ್ಲಿಲ್ಲೆ."

"ಓಡುವವ್ನ ಮಾಡ್ವನಾ?"

"ಓಡುದ್ ಬ್ಯಾಡ. ನಾನ್ ಹಿಡಿಯುವವ. ಹಿಡಿಯು ಕೆಲ್ಸ ಇಲ್ಯಾ?"

"ತಡಿಯು ಕೆಲ್ಸ ಇತ್ತ್. ಓಡುವವ್ನ ಎದ್ರ್ ನಿಂತ್, ಅವ್ನ ಮೇಲ್ ಬಪ್ಪೋರ್ನ ತಡಿಯುದ್. ಹಿಡ್ದ್ರೆ ತಪ್ಪ್. ಮತ್ತೆ ಎಷ್ಟ್ ಚಂದ ತಡುದ್ರೂ ಅವ್ನ ಹೆಸ್ರ್ ಎಲ್ಲೂ ಬತ್ತಿಲ್ಲೆ."

"ಹಿಡ್ದ್ರೆ ತಪ್ಪಾ? ಅದೆಂತ ಆಟ ಮರಾಯಾ!" ಮೊಣಕಾಲು ನೀವಿಕೊಂಡು, "ಅಡ್ಡಿಲ್ಲೆ, ಅದೇ ಅಕ್ಕ್. ನಿನ್ನ್ ಎದ್ರೇ ನಿಲ್ಸ್ ನನ್ನ" ಎಂದರು.

ಕಬಡ್ಡಿಯಲ್ಲಿ ಅವರ ಬನಿಯನ್ನಿನ ನಂಬರು ನಾಲ್ಕು. ತಡೆಯುವವರಿಗೆ ಅಷ್ಟು ಸಣ್ಣ ನಂಬರು ಕೊಡುವಂತಿಲ್ಲ ಎಂದು ಲೀಗಿನವರು ಹೇಳಿದರು. ಕೊನೆಯಲ್ಲಿ ನಾಲ್ಕಿರಲಿ ಎಂದು ಅರವತ್ತನಾಲ್ಕು ಆರಿಸಿಕೊಂಡರು. ಆ ಜಾಗ ಯಾರಿಗೂ ಬೇಡದ್ದಾದ್ದರಿಂದ ನನ್ನದೇ ತಂಡಕ್ಕೆ ಸೇರಿಸಿಕೊಳ್ಳಲು ಕಷ್ಟವಾಗಲಿಲ್ಲ. ತಂಡದ ಹೆಸರು ಹೆರಾನ್ಸ್. ಹೆರಾನ್ ಎಂದರೆ ಕೊಕ್ಕರೆ ಎಂದಾಗ ಶೀನಣ್ಣ ಮುಖ ಹುಳ್ಳಗೆ ಮಾಡಿ, "ಮೀನ್ ಕದಿಯು ಹಕ್ಕಿ" ಎಂದರು. ತಂಡದ ಮ್ಯಾನೇಜರನ್ನು ಎಲ್ಲರೂ ಪಾಪ್ಸ್ ಎಂದು ಕರೆಯುತ್ತಿದ್ದರು. ಬಸ್ಸು ಓಡಿಸಿ ನಿವೃತ್ತರಾದ ಮುದುಕರು. ಅದನ್ನು ಕೇಳಿ ಶೀನಣ್ಣನಿಗೆ ಭಾರೀ ಖುಷಿ. "ಡ್ರೈವರಾ? ಹಂಗಾರೆ ನಮ್ಮ್ ಜನವೇ."

ಶೀನಣ್ಣನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ ಬಂದು ನನ್ನ ಮೇಜಿನ ಎದುರು ಕೂರುತ್ತಿದ್ದರು. ಆ ವಾರದ ಪ್ರಶ್ನೆಯನ್ನು ನಾನು ಓದಿ ಹೇಳುವುದು, ಅವರು ಉತ್ತರ ಹೇಳುವುದು, ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಒತ್ತುವುದು. ಒಂದು ವಾಕ್ಯ ಹೇಳಿ ನನ್ನ ಬೆರಳು ನಿಲ್ಲುವ ತನಕ ಕಾದು, ಆಮೇಲೆ ಮುಂದಿನದು ಹೇಳುತ್ತಿದ್ದರು. ನಮ್ಮೂರಲ್ಲಿ ಓದು ಬಾರದವರಿಗೆ ಕಾಗದ ಬರೆದುಕೊಡುವುದು ಹೊಸತೇನಲ್ಲ. ಉಪ್ಪುಂದದಲ್ಲಿ ನಾನು ಏಳನೇ ಕ್ಲಾಸಿನಿಂದಲೇ ಆ ಕೆಲಸ ಮಾಡಿದವನು. ಇದೂ ಹಾಗೇ ಎಂದುಕೊಂಡಿದ್ದೆ.

ಮೊದಲನೇ ವಾರದ ಪ್ರಶ್ನೆ, ನಿಮ್ಮ ಆಟಗಾರ ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ ಎಂದು. ಉಳಿದವರೆಲ್ಲ ಜಿಮ್ಮು, ಮೊಟ್ಟೆ, ಓಟ ಎಂದು ಬರೆದಿದ್ದರು. ನನ್ನ ಜೇಡನ್ ಕೋಲ್ ಸಹ ಸಮುದ್ರತೀರದಲ್ಲಿ ಹತ್ತು ಮೈಲು ಓಡಿದ. ಶೀನಣ್ಣ ಹೇಳಿದ್ದು ಇಷ್ಟು: ಶೀನ ಬೆಳಿಗ್ಗೆ ಎದ್ದು ಮಿಷನ್ನಿನ ಶಬ್ದ ಕೇಳುತ್ತಾನೆ. ಶಬ್ದ ಸರಿಯಿದ್ದರೆ ಚಾ ಕುಡಿಯುತ್ತಾನೆ. ಐಸಿನ ಗಡ್ಡೆ ಜಾರಿ ಬರುವಾಗ ಅದರ ಎದುರು ನಿಲ್ಲಬಾರದು, ಬದಿಗೆ ನಿಲ್ಲಬೇಕು. ಶೀನ ಒಂದು ಸಲ ಎದುರು ನಿಂತ. ಅದಕ್ಕೇ ಅವನಿಗೆ ಎದುರು ನಿಲ್ಲುವುದೆಂದರೆ ಎಂಥದ್ದು ಅನ್ನುವುದು ತಂಡದ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಅದರ ಕೆಳಗೆ ನಲವತ್ತು ಜನ ಉತ್ತರ ಬರೆದರು. ನನ್ನದಕ್ಕೆ ಇಬ್ಬರು. ಇಂಥವನೊಬ್ಬ ನನ್ನ ತಂಡದಲ್ಲಿರುವುದು ನನ್ನ ಪುಣ್ಯ ಎಂದು ಪಾಪ್ಸ್ ಬರೆದಿದ್ದರು. ಓದಿ ಹೇಳಿದಾಗ ಶೀನಣ್ಣ ತಲೆ ತಗ್ಗಿಸಿ, ಕೈಯ ಎಣ್ಣೆ ಒರೆಸುವ ಬಟ್ಟೆಯಲ್ಲಿ ಮುಖವನ್ನೇ ಒರೆಸಿಕೊಂಡರು.

ಆಗಸ್ಟಿನಲ್ಲಿ ಬೋಟುಗಳು ಇಳಿದವು. ಐಸಿಗೆ ಲಾರಿಗಳ ಸಾಲು ನಿಂತಿತು. ಪುಡಿ ಮಾಡುವ ಮಿಷನ್ನಿನ ಗಲಾಟೆಗೆ ಪಕ್ಕದಲ್ಲಿದ್ದವರ ಮಾತೂ ಕೇಳುತ್ತಿರಲಿಲ್ಲ. ನೆಲದ ಮೇಲೆ ಯಾವಾಗಲೂ ಎರಡು ಬೆರಳು ನೀರು. ಆದರೂ ಶನಿವಾರ ತಪ್ಪಲಿಲ್ಲ. ಬಂಗುಡೆ ಮೀನು ರಾಶಿ ಬಿದ್ದ ದಿನ, ಕುಂಭಾಶಿಗೆ ಹಣ್ಣುಕಾಯಿ ಮಾಡಿಸಲು ಹೋಗಿ ಬಂದ ದಿನ, ಮಗಳು ಅಶ್ವಿನಿಗೆ ಜ್ವರ ಬಂದ ದಿನ, ಎಲ್ಲ ದಿನಗಳ ಮಾತೂ ಶೀನನ ಹೆಸರಿನಲ್ಲಿ ಅಮೇರಿಕಕ್ಕೆ ಹೋಯಿತು. ಗಂಗೊಳ್ಳಿ ಅನ್ನುವ ಊರು ನಿಜವಾಗಿಯೂ ಇದೆಯೇ ಎಂದು ಯಾರೋ ಕೇಳಿದ್ದಕ್ಕೆ ಶೀನಣ್ಣ, "ನಿಮ್ಮೂರ್ ಇತ್ತಾ ಅಂದ್ ನಾನ್ ಕೇಂಡಿದ್ನಾ?" ಎಂದು ಉತ್ತರ ಬರೆಸಿದರು. ಅದಕ್ಕೂ ಜನ ಬಿದ್ದು ಬಿದ್ದು ನಕ್ಕರು.

ಮ್ಯಾಚಿನಲ್ಲಿ ಶೀನ ಎದುರು ನಿಂತು ದಾರಿ ಮಾಡುವುದು, ಹಿಂದಿನಿಂದ ಜೇಡನ್ ಕೋಲ್ ಓಡುವುದು. ಬೆಳಿಗ್ಗೆ ಎಂಟಕ್ಕೆ ಶೀನಣ್ಣ ಕಾಲೆಳೆಯುತ್ತ ಬಂದು, "ನೀ ಎಷ್ಟ್ ಓಡ್ದೆ ಇವತ್ತ್?" ಎಂದು ಕೇಳುತ್ತಿದ್ದರು. ಶೀನನ ಬಗ್ಗೆ ಫಲಿತಾಂಶದಲ್ಲಿ ಒಂದಕ್ಷರ ಇರುತ್ತಿರಲಿಲ್ಲ. ನಾನು ಹೆಚ್ಚು ಓಡಿದ ದಿನ ಅವರೇ ಗೆದ್ದವರ ಹಾಗೆ ಬೀಗಿಕೊಂಡು ಹೋಗುತ್ತಿದ್ದರು.

ನನಗೆ ಹೊಟ್ಟೆಕಿಚ್ಚು ಶುರುವಾಗಿತ್ತು. ಸುಳ್ಳು ಯಾಕೆ ಹೇಳಲಿ. ರಾತ್ರಿ ಕೂತು ಡಿಕ್ಷನರಿ ನೋಡಿ ಬರೆದ ನನ್ನ ಜೇಡನ್ ಕೋಲನ್ನು ಕೇಳುವವರಿಲ್ಲ. ಐಸಿನ ನೀರಲ್ಲಿ ಕಾಲಿಟ್ಟುಕೊಂಡು ಹತ್ತು ನಿಮಿಷ ಮಾತಾಡಿ ಎದ್ದು ಹೋಗುವ ಶೀನಣ್ಣನನ್ನು ಎಲ್ಲರೂ ಹೊಗಳುತ್ತಿದ್ದರು. ಹೇಗಿದ್ದರೂ ಆ ಇಂಗ್ಲಿಷ್ ನನ್ನದಲ್ಲವೇ, ಅಂದ ಮೇಲೆ ಆ ಹೊಗಳಿಕೆಯಲ್ಲಿ ಅರ್ಧ ನನಗೆ ಸೇರಬೇಕಲ್ಲವೇ ಎಂದು ಮನಸ್ಸಿನಲ್ಲೇ ಪಾಲು ಹಾಕುತ್ತಿದ್ದೆ. ಆ ಅರ್ಧ ಕ್ರಮೇಣ ಮುಕ್ಕಾಲಾಯಿತು.

ಮಾರ್ಚ್ ತಿಂಗಳು, ಹಗಲು ಸೆಖೆಯಲ್ಲಿ ಉಸಿರಾಡಲಿಕ್ಕಾಗುತ್ತಿರಲಿಲ್ಲ. ಹೆರಾನ್ಸ್ ಫೈನಲಿಗೆ ಬಂದಿತ್ತು. ಆಗ ಲೀಗಿನ ಮೇಲಿನವರಿಂದ ನನಗೊಂದು ಸಂದೇಶ ಬಂತು. ಒಬ್ಬರಿಗೆ ಒಬ್ಬನೇ ಆಟಗಾರ ಅನ್ನುವುದು ನಿಯಮ. ಜೇಡನ್ ಕೋಲ್ ಮತ್ತು ಶೀನ ಗಂಗೊಳ್ಳಿ ಇಬ್ಬರೂ ಒಂದೇ ವೈಫೈಯಿಂದ, ಒಂದೇ ಹೊತ್ತಿಗೆ ಬರುತ್ತಾರೆ, ಇಬ್ಬರ ಬರವಣಿಗೆಯ ಧಾಟಿಯೂ ಒಂದೇ. ಇಬ್ಬರೂ ನೀನೇ ಎಂದು ನಮಗೆ ಅನುಮಾನ. ಬೇರೆ ಬೇರೆ ಜನ ಹೌದಾದರೆ ಮೂರು ದಿನದೊಳಗೆ ಇಬ್ಬರೂ ಒಟ್ಟಿಗೆ ಕೂತು ಐದು ನಿಮಿಷ ವಿಡಿಯೋ ಕಾಲಿನಲ್ಲಿ ಮಾತಾಡಿ, ಹೆಸರು ಹೇಳಿದರೆ ಸಾಕು. ಅಲ್ಲವಾದರೆ ಈಗಲೇ ಒಪ್ಪಿಕೋ, ಒಬ್ಬನನ್ನು ಉಳಿಸಿಕೊಡುತ್ತೇವೆ. ಏನೂ ಹೇಳದಿದ್ದರೆ ಇಬ್ಬರನ್ನೂ ತೆಗೆಯುತ್ತೇವೆ.

ಅವರ ಅನುಮಾನದಲ್ಲಿ ತಪ್ಪಿರಲಿಲ್ಲ. ಪ್ರತಿಯೊಂದು ಅಕ್ಷರವನ್ನೂ ಒತ್ತಿದ ಬೆರಳು ನನ್ನದೇ. ಆದರೆ ಅದಕ್ಕೆ ಮದ್ದೂ ಅಷ್ಟೇ ಸುಲಭದ್ದಿತ್ತು. ಶೀನಣ್ಣನನ್ನು ಕರೆದು ಫೋನಿನ ಎದುರು ಕೂರಿಸಿದರೆ ಮುಗಿಯಿತು.

ಮೂರನೆಯ ದಿನ ಬೆಳಿಗ್ಗೆ ಏಳೂವರೆ. ಶೀನಣ್ಣ ಹತ್ತು ಹೆಜ್ಜೆ ದೂರದಲ್ಲಿ ಕಂಪ್ರೆಸರಿಗೆ ಎಣ್ಣೆ ಬಿಡುತ್ತಿದ್ದರು. ಅವರು ಗಂಟಲು ಸರಿ ಮಾಡಿಕೊಳ್ಳುವ ಶಬ್ದ ನನಗೆ ಕೇಳುತ್ತಿತ್ತು. ನಾನು ಕರೆಯಲಿಲ್ಲ. ಕರೆದರೆ ಏನಾಗುತ್ತದೆ ಎಂದು ಕಣ್ಣೆದುರು ಬಂತು. ಮಡಚಿ ಕಟ್ಟಿದ ಲುಂಗಿ, ತೂತು ಬಿದ್ದ ಬನಿಯನ್ನು. ಗುಡ್ ಮಾರ್ನಿಂಗ್, ಓಕೆ ಸರ್ ಎಂಬಲ್ಲಿಗೆ ಮುಗಿಯುವ ಇಂಗ್ಲಿಷು. ಹಿಂದುಗಡೆ ಸೋರುವ ಪೈಪು. ಎಕ್ಸ್‌ಪೋರ್ಟ್ ಕಂಪನಿಯ ಮ್ಯಾನೇಜರ್ ಅಂದವನು ಐಸ್ ಪ್ಲಾಂಟಿನ ಗುಮಾಸ್ತ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಸೃಷ್ಟಿ ಮಾಡಿದ ಒಬ್ಬ ಮನುಷ್ಯನ ಮಾನ ಉಳಿಸಲಿಕ್ಕೆ ನಾನು ನಿಜವಾದ ಮನುಷ್ಯನನ್ನು ಬಿಟ್ಟುಕೊಟ್ಟೆ. ಶೀನ ಗಂಗೊಳ್ಳಿ ಅನ್ನುವವರು ಯಾರೂ ಇಲ್ಲ, ಅವನನ್ನು ನಾನೇ ಕಟ್ಟಿದ್ದು, ಕ್ಷಮಿಸಿ ಎಂದು ಬರೆದು ಕಳಿಸಿದೆ. ಬರೆಯಲು ಒಂದು ನಿಮಿಷವೂ ಹಿಡಿಯಲಿಲ್ಲ.

ಅವರ ನಿಯಮದ ಪ್ರಕಾರ ಅದನ್ನು ಎಲ್ಲರೂ ಓದುವ ಪುಟದಲ್ಲಿ ಹಾಕಿದರು. ಶೀನನ ಹೆಸರಿನ ಮೇಲೆ ಗೀಟು ಬಿತ್ತು. ಕೆಲವರು ನನಗೆ ಬೈದರು. ಬೈದವರನ್ನು ಮರೆತಿದ್ದೇನೆ. ಹೊಗಳಿದವರ ಮಾತು ಮಾತ್ರ ಇವತ್ತಿಗೂ ಬಾಯಿಪಾಠ ಇದೆ. ಮಾಡಿದ್ದು ಮೋಸವೇ, ಆದರೆ ಇಷ್ಟು ಜೀವಂತ ಮನುಷ್ಯನನ್ನು ಬರೀ ತಲೆಯಿಂದ ಸೃಷ್ಟಿಸಿದ್ದೀಯಲ್ಲ, ನೀನು ನಿಜವಾದ ಬರಹಗಾರ ಎಂದು ಒಬ್ಬರು ಬರೆದರು. ಆ ಕಾಲು, ಆ ಐಸು, ಆ ಮಗಳ ಜ್ವರ, ಎಲ್ಲ ನಂಬಿಬಿಟ್ಟಿದ್ದೆವು ಎಂದು ಇನ್ನೊಬ್ಬರು. ನಾನು ಎಲ್ಲರಿಗೂ ಥ್ಯಾಂಕ್ಯೂ ಎಂದು ಉತ್ತರ ಕೊಟ್ಟೆ. ಸುಳ್ಳು ಹೇಳಿದ್ದಕ್ಕಿಂತ ಆ ಥ್ಯಾಂಕ್ಯೂ ನೆನೆದರೆ ನನಗೆ ಹೇಸಿಗೆಯಾಗುತ್ತದೆ. ಪಾಪ್ಸ್ ಮಾತ್ರ ಏನೂ ಬರೆಯಲಿಲ್ಲ.

ಇದೆಲ್ಲ ಆಮೇಲಿನದು. ಅವತ್ತು ಎಂಟು ಗಂಟೆಗೆ ಶೀನಣ್ಣ ಎಂದಿನಂತೆ ಬಂದರು. ಲೀಗು ಬಂದ್ ಆಯಿತು ಎಂದೆ.

"ಬಂದಾ? ಫೈನಲ್?"

"ಅದೂ ಇಲ್ಲೆ ಶೀನಣ್ಣ. ಪೂರಾ ನಿಲ್ಸಿದ್ರ್."

ಮೇಜಿನ ತುದಿಗೆ ಕೈಯೂರಿ ನಿಂತರು. ತಮ್ಮ ಬೇಜಾರನ್ನು ಹೇಳಿಕೊಳ್ಳಲಿಲ್ಲ. "ಪಾಪ, ಪಾಪ್ಸಿಗೆ ಎಷ್ಟ್ ಬೇಜಾರ್ ಆಯ್ತೋ ಏನೋ. ಅವ್ರಿಗೊಂದ್ ಕಾಗ್ದ ಬರಿ, ನಾನ್ ಹೇಳ್ತೆ" ಎಂದು ಕುರ್ಚಿ ಎಳೆದುಕೊಂಡು ಕೂತರು. ನಾನು ಫೋನ್ ಕೈಗೆ ತೆಗೆದುಕೊಂಡೆ.

"ಪಾಪ್ಸಿಗೆ ಗಂಗೊಳ್ಳಿ ಶೀನ ಮಾಡು ನಮಸ್ಕಾರ. ಲೀಗ್ ಬಂದ್ ಆಯ್ತ್ ಅಂದ್ ಪ್ರಕಾಶ ಹೇಳ್ದ. ನೀವ್ ಬೇಜಾರ್ ಮಾಡ್ಕಣ್ಬೇಡಿ. ಬಸ್ಸೂ ಒಂದಿನ ಶೆಡ್ಡಿಗ್ ಹೋಯ್ಕ್. ನನ್ನ್ ಕಾಲ್ ಮುರುದ್ ಮೇಲೆ ನನ್ನ ತಂಡಕ್ ಸೇರ್ಸ್ಕಂಡದ್ದ್ ನೀವೊಬ್ರೇ."

ಪ್ರತಿ ವಾಕ್ಯ ಮುಗಿದಾಗಲೂ ನನ್ನ ಬೆರಳು ನಿಲ್ಲುವುದನ್ನು ಕಾದು ಮುಂದಿನದು ಹೇಳಿದರು. ನನ್ನ ಬೆರಳುಗಳು ಆಡುತ್ತಿದ್ದವು. ಏನನ್ನೂ ಒತ್ತುತ್ತಿರಲಿಲ್ಲ.

"ಕಳ್ಸಿದ್ಯಾ?"

"ಕಳ್ಸಿದೆ."

ಫೈನಲ್ ಆಯಿತು. ಹೆರಾನ್ಸ್ ಗೆದ್ದಿತು. ಒಂದು ವಾರ ಆಡಬಾರದೆಂದು ಲೀಗಿನವರು ಹಾಕಿದ ಶಿಕ್ಷೆ ಮುಗಿಸಿಕೊಂಡು ಬಂದ ಜೇಡನ್ ಕೋಲ್ ಚೆನ್ನಾಗಿಯೇ ಓಡಿದ. ಪಕ್ಕದಲ್ಲಿ ಶೀನಣ್ಣ ಇದ್ದುದರಿಂದ ಮುಖದಲ್ಲಿ ಒಂದು ನಗುವನ್ನೂ ತರದೆ ಫಲಿತಾಂಶ ಓದಿ ಫೋನನ್ನು ಹಾಜರಿ ಪುಸ್ತಕದ ಕೆಳಗೆ ಇಟ್ಟೆ. ಆಮೇಲಿನ ದಿನಗಳಲ್ಲಿ ಅವರು ಕೇಳುತ್ತಿದ್ದದ್ದು ಒಂದೇ, "ಪಾಪ್ಸ್ ಉತ್ರ ಬರುದ್ರಾ?" ಇಲ್ಲೆ ಎನ್ನುತ್ತಿದ್ದೆ. ಮೇ ತಿಂಗಳ ಹೊತ್ತಿಗೆ ಕೇಳುವುದನ್ನು ಬಿಟ್ಟರು. ಜೂನ್‌ನಲ್ಲಿ ಬೋಟುಗಳು ದಡ ಹತ್ತಿದ ವಾರವೇ ನಾನು ಕೆಲಸ ಬಿಟ್ಟೆ. ಜೇಡನ್ ಕೋಲನ್ನೂ ಬಿಟ್ಟೆ. ಅವನ ಹೆಸರು ನೋಡಿದರೆ ವಾಕರಿಕೆ ಬರುವಂತಾಗಿತ್ತು.

ಮೊನ್ನೆ ಪ್ರಿಂಟರಿನ ಕಾಗದ ಬಿಡಿಸಿಕೊಟ್ಟು ತಲೆ ತಗ್ಗಿಸಿ ಹೊರಟಿದ್ದೆ. ಪ್ಲಾಂಟಿನ ಗೇಟಿನಿಂದ ದನಿ ಬಂತು.

"ಹ್ವಾಯ್! ಪ್ರಕಾಶ ಅಲ್ದಾ? ಎಲ್ಲಿ ಸತ್ತ್ ಹೋಗಿದ್ದೆ ಮರಾಯಾ ಇಷ್ಟ್ ವರ್ಷ?"

ಶೀನಣ್ಣನ ಕೂದಲು ನರೆತಿತ್ತು. ಕಾಲು ಇನ್ನಷ್ಟು ಎಳೆಯುತ್ತಿತ್ತು. ಬೇಡವೆಂದರೂ ಕೇಳದೆ ಮನೆಗೆ ಕರೆದುಕೊಂಡು ಹೋದರು. ಮನೆ ಪ್ಲಾಂಟಿನ ಹಿಂದೆಯೇ. ಅಶ್ವಿನಿ ಈಗ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಳೆ. "ಇವನೇ ಕಾಣ್ ಮಗಾ, ನನ್ನ ಅಮೇರಿಕದಗೆ ಆಡ್ಸಿದವ" ಎಂದು ಶೀನಣ್ಣ ನನ್ನ ಬೆನ್ನು ತಟ್ಟಿದರು. ಅವಳು ನನ್ನ ಮುಖವನ್ನೇ ನೋಡುತ್ತ, "ಗೊತ್ತಿತ್ತ್" ಎಂದಳು.

ಶೀನಣ್ಣ ಎಣ್ಣೆಯ ಕೈ ತೊಳೆಯಲು ಬಾವಿಕಟ್ಟೆಗೆ ಹೋದರು. ಅಶ್ವಿನಿ ಚಾ ತಂದಿಟ್ಟು ಮೆಲ್ಲಗೆ ಕೇಳಿದಳು. "ಮಾವ, ಆ ಲೀಗ್ ಬಂದ್ ಆಯ್ಲಿಲ್ಲೆ ಅಲ್ದಾ? ಕಾಲೇಜಿಗ್ ಸೇರ್ದ್ ವರ್ಷ ಅಪ್ಪಯ್ಯನ್ ಹೆಸ್ರ್ ಹಾಕಿ ಹುಡ್ಕಿದೆ. ನೀವ್ ಬರ್ದ ಪುಟ ಈಗ್ಲೂ ಇತ್ತ್. ಪೂರಾ ಓದಿದೆ."

ನಾನು ಬಾವಿಕಟ್ಟೆಯ ಕಡೆ ನೋಡಿದೆ.

"ನಾನ್ ಅಪ್ಪಯ್ಯಂಗೆ ಹೇಳ್ಲಿಲ್ಲೆ. ಅವ್ರ್ ಈಗ ಬತ್ರ್. ನೀವೇ ಹೇಳಿ. ಹೇಳ್ದೆ ಚಾ ಕುಡ್ದ್ ಹೋಪುದಾರೆ ಇನ್ನ್ ಈ ಮನೆಗ್ ಬಪ್ಪುದ್ ಬ್ಯಾಡ."

ಶೀನಣ್ಣ ಬಂದು ಕೂತರು. ನಾನು ಹೇಳಿದೆ. ವೈಫೈ, ಅನುಮಾನ, ಫೋನಿನಲ್ಲಿ ಹೆಸರು ಹೇಳಬೇಕಾಗಿದ್ದ ಆ ಐದು ನಿಮಿಷ, ನಾನು ಬರೆದ ಮಾತು, ಎಲ್ಲವನ್ನೂ ಹೇಳಿದೆ. ತಲೆ ಎತ್ತಲಿಲ್ಲ. ಹಿಂದೆ ನನ್ನ ಬೆರಳು ನಿಲ್ಲುವುದನ್ನು ಕಾಯುತ್ತಿದ್ದ ಹಾಗೆಯೇ ಶೀನಣ್ಣ ನನ್ನ ಪ್ರತಿ ವಾಕ್ಯ ಮುಗಿಯುವುದನ್ನು ಕಾದರು.

"ಹಂಗಾರೆ ಫೈನಲ್ ಆಯ್ತಾ?" ಎಂದರು ಕೊನೆಗೆ.

"ಆಯ್ತ್."

"ಗೆದ್ರ್ಯಾ?"

"ಗೆದ್ದ್ರ್."

ಒಂದು ಕ್ಷಣ ಅವರ ಮುಖ ಅರಳಿತು. ಅದನ್ನು ನೋಡುವುದಕ್ಕಿಂತ ನಾಲ್ಕು ಏಟು ತಿನ್ನುವುದು ನನಗೆ ಸುಲಭವಾಗುತ್ತಿತ್ತು.

"ನನ್ನ್ ಜಾಗ್ದಗೆ ಯಾರ್ ನಿಂತದ್ದ್?"

"ಯಾರೂ ಇಲ್ಲೆ. ಜನ ಸಿಕ್ಕದ್ ಜಾಗಕ್ಕೆ ಕಂಪ್ಯೂಟರೇ ಒಂದ್ ಬೊಂಬಿ ಮಾಡಿ ಇಡ್ತ್. ಅದಕ್ ಹೆಸ್ರೂ ಇಲ್ಲೆ."

"ಅದಕ್ ಫೋನ್ ಮಾಡಿ ನೀ ಇದ್ಯಾ ಅಂದ್ ಯಾರೂ ಕೇಣ್ಲಿಲ್ಯಾ?"

ಶೀನಣ್ಣ ಲೋಟವನ್ನು ತಿರುಗಿಸುತ್ತ ಕೂತರು. ಆಮೇಲೆ, "ಪಾಪ್ಸಿಗೆ ಬರ್ಸಿದ್ ಕಾಗ್ದ?" ಎಂದರು.

"ಕಳ್ಸ್‌ಲಿಲ್ಲೆ."

ಲೋಟ ಕೆಳಗಿಟ್ಟರು. "ಆ ಜನ ಒಂದ್ ಉತ್ರ ಕೊಡ್ಲಿಲ್ಲೆ ಅಂದ್ ನಾನ್ ಇಷ್ಟ್ ವರ್ಷ ಅವ್ರ್ ಮೇಲ್ ಸಿಟ್ಟ್ ಮಾಡ್ಕಂಡಿದ್ದೆ ಮರಾಯಾ. ಪಾಪ, ಅವ್ರೆಂತ ಮಾಡಿದ್ರ್."

ನಾನು ಫೋನ್ ತೆಗೆದೆ. "ಈಗ್ಳೇ ಅವ್ರಿಗ್ ಬರಿತೆ ಶೀನಣ್ಣ. ಫೋನಗೆ ಇಬ್ರೂ ಮಾತಾಡ್ವ. ನೀವ್ ಇಪ್ಪುದ್ ಅವ್ರಿಗೆಲ್ಲ ಗೊತ್ತಾಯ್ಲಿ."

"ಅವ್ರ್ ನನ್ನ ಕಂಡವ್ರಲ್ಲ. ಗೊತ್ತಿಲ್ದೆ ಹೆಸ್ರ್ ಅಳ್ಸಿದ್ರ್" ಎಂದರು ಶೀನಣ್ಣ. ಸಿಟ್ಟಿನ ದನಿಯಲ್ಲ, ಮಿಷನ್ನಿನ ಶಬ್ದ ಯಾಕೆ ಬದಲಾಯಿತು ಎಂದು ವಿವರಿಸುವ ದನಿ. "ನೀ ನನ್ನ ದಿನಾ ಕಾಂತಿದ್ದವ."

ಬರುತ್ತೇನೆ ಎಂದು ಹೇಳಿ ಎದ್ದೆ. ಗಂಗೊಳ್ಳಿಯಲ್ಲಿ ಮನೆಗೆ ಬಂದವರನ್ನು ಗೇಟಿನ ತನಕ ಬಿಟ್ಟು, ಹೋಯ್ ಬಾ ಎಂದು ಹೇಳದೆ ಕಳಿಸುವವರಲ್ಲ ಶೀನಣ್ಣ. ಅವತ್ತು ಕೂತಲ್ಲಿಂದ ಏಳಲಿಲ್ಲ. ಅಂಗಳದಲ್ಲಿ ಸ್ಕೂಟರಿಗೆ ಕೀಲಿ ಹಾಕುವಾಗ ಒಳಗಿನ ಮಾತು ಕೇಳಿತು.

"ಮಗಾ, ಪಾಪ್ಸ್ ಅಂದ್ಹೇಳಿ ಒಬ್ರಿದ್ರ್. ಈಗ್ಲೂ ಇದ್ರಾ ಕಾಣ್. ಅವ್ರಿಗೊಂದ್ ಕಾಗ್ದ ಬರಿ, ನಾನ್ ಹೇಳ್ತೆ."

ಅದೇ ಕಾಗದ. ಐದು ವರ್ಷವಾದರೂ ಒಂದು ಮಾತೂ ಮರೆತಿರಲಿಲ್ಲ. ಪಾಪ್ಸಿಗೆ ಗಂಗೊಳ್ಳಿ ಶೀನ ಮಾಡು ನಮಸ್ಕಾರ ಎಂದು ಹೇಳಿ, ಮಗಳ ಬೆರಳು ನಿಲ್ಲುವ ತನಕ ಕಾದರು. ನಾನು ಹೊರಗೆ ನಿಂತು, ಯಾರೂ ಕೇಳದಿದ್ದರೂ, ಅದನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ಮಾಡುತ್ತಿದ್ದೆ. ಮುಂದಿನ ಸಾಲು ನನಗೆ ಗೊತ್ತಿತ್ತು, ಲೀಗ್ ಬಂದ್ ಆಯ್ತ್ ಅಂದ್ ಪ್ರಕಾಶ ಹೇಳ್ದ ಎಂದು. ಅದರ ಜಾಗದಲ್ಲಿ ಈಗ ನನ್ನ ಬಗ್ಗೆ ಏನು ಹೇಳುತ್ತಾರೆ ಎಂದು ಕಾದೆ, ಏನು ಹೇಳಿದರೂ ಕೇಳಿಸಿಕೊಂಡೇ ಹೋಗಬೇಕು ಎಂದು ಗಟ್ಟಿಯಾಗಿ ನಿಂತೆ. ಶೀನಣ್ಣ ಗಂಟಲು ಸರಿ ಮಾಡಿಕೊಂಡು, ನಡುವಿನ ಸಾಲುಗಳನ್ನೆಲ್ಲ ಬಿಟ್ಟು, "ನನ್ನ್ ಕಾಲ್ ಮುರುದ್ ಮೇಲೆ ನನ್ನ ತಂಡಕ್ ಸೇರ್ಸ್ಕಂಡದ್ದ್ ನೀವೊಬ್ರೇ" ಎಂದರು. ಕಾಗದ ಮುಗಿಯಿತು. ನನ್ನ ಹೆಸರು ಅದರಲ್ಲಿ ಬರಲೇ ಇಲ್ಲ.